ಇಲ್ಲ ಎನ್ನಲು ಬಾರದ ಅರೋಯಿತಾ

ನನ್ನ ತಮ್ಮನ ಹೆಂಡತಿ ಅರೋಯಿತಾಳಿಗೆ ಎಲ್ಲ ಬರುತ್ತದೆ. ಕೇದಗೆ ಎಲೆಯಲ್ಲಿ ಚಾಪೆ ಹೆಣೆಯುತ್ತಾಳೆ, ಗಂಡಸರ ಹಾಗೆ ಬಲೆ ಬೀಸುತ್ತಾಳೆ, ಎರಡು ಭಾಷೆಯಲ್ಲಿ ಜಗಳ ಬಿಡಿಸುತ್ತಾಳೆ. ಬಾರದ್ದು ಒಂದೇ, 'ಇಲ್ಲ' ಎನ್ನುವುದು. ಶಾಂತಸಾಗರದ ನಡುವಿನ ನಮ್ಮ ಕಿರಿಬಾಸ್ ದ್ವೀಪಗಳಲ್ಲಿ ಅದು ಯಾರಿಗೂ ಅಷ್ಟು ಸಲೀಸಾಗಿ ಬರುವುದಿಲ್ಲ ಬಿಡಿ. ನೆಂಟರಿಷ್ಟರು ಬಂದು, ಕೂತು, ಬಾಯಿಬಿಟ್ಟು ಏನಾದರೂ ಕೇಳಿದರೆ ಅದು ಬುಬುಟಿ. ಬುಬುಟಿ ಕೇಳಿದವರನ್ನು ಬರಿಗೈಯಲ್ಲಿ ಕಳಿಸಿದ ಮನೆಯವರು ಆಮೇಲೆ ಊರಲ್ಲಿ ತಲೆಯೆತ್ತಿ ತಿರುಗುವ ಹಾಗಿಲ್ಲ. ಅದಕ್ಕೇ ಜಾಣರಾದವರು ದೂರದಲ್ಲಿ ನೆಂಟರ ತಲೆ ಕಂಡ ಕೂಡಲೇ ಹೊಸ ಕೊಡಲಿಯನ್ನೋ ಟಾರ್ಚನ್ನೋ ಚಾಪೆಯಡಿ ಸೇರಿಸಿಬಿಡುತ್ತಾರೆ. ನಾನೂ ಸೇರಿಸಿದ್ದೇನೆ, ಸುಳ್ಳೇಕೆ ಹೇಳಲಿ.

ಅರೋಯಿತಾಳಿಗೆ ಆ ಜಾಣತನವೂ ಇಲ್ಲ. ಮದುವೆಯಾಗಿ ನಮ್ಮ ಅಬಯಾಂಗ್ ದ್ವೀಪಕ್ಕೆ ಬಂದಾಗ ತವರಿನಿಂದ ಒಂದು ಕೈ ಹೊಲಿಗೆ ಮಿಷನ್ ತಂದಿದ್ದಳು. ಮೂರನೇ ತಿಂಗಳು ನಮ್ಮ ದೊಡ್ಡಪ್ಪನ ಮಗಳು ಬಂದು ಅದನ್ನು ಕೇಳಿದಳು. ಅರೋಯಿತಾ ನನಗೆ ರವಿಕೆ ಹೊಲಿಯುತ್ತಿದ್ದವಳು ಎದ್ದು ಮಿಷನ್ ಎತ್ತಿ ಕೊಟ್ಟೇಬಿಟ್ಟಳು, ಸೂಜಿಯಡಿ ನನ್ನ ರವಿಕೆ ಇದ್ದ ಹಾಗೆಯೇ. ಮಿಷನ್ನೂ ಹೋಯಿತು, ರವಿಕೆಯೂ ಹೋಯಿತು. ಆ ಅರ್ಧ ರವಿಕೆಯನ್ನು ಆ ಹೆಂಗಸು ಪೂರ್ತಿ ಮಾಡಿ ಹಾಕಿಕೊಂಡು ಚರ್ಚಿಗೆ ಬಂದಿದ್ದನ್ನು ನಾನು ಇಂದಿಗೂ ಮರೆತಿಲ್ಲ. ಆಮೇಲೆ ಮೀನಿನ ಬಲೆಯೂ ಹೀಗೆಯೇ ಕೇಳಿದವರ ಪಾಲಾಯಿತು.

ಇಂಥವಳು ಆಸ್ಟ್ರೇಲಿಯಕ್ಕೆ ಹೋದಳು. ಕ್ವೀನ್ಸ್‌ಲ್ಯಾಂಡಿನ ಒಂದು ಕಬ್ಬಿನ ಸೀಮೆಯಲ್ಲಿ ವೃದ್ಧರ ಮನೆ, ನಾಲ್ಕು ವರ್ಷದ ಒಪ್ಪಂದ. ವಯಸ್ಸಾದವರಿಗೆ ಸ್ನಾನ ಮಾಡಿಸುವುದು, ಉಣಿಸುವುದು, ಮಲಗಿಸುವುದು. ಇಬ್ಬರು ಹೆಣ್ಣುಮಕ್ಕಳನ್ನು ನನ್ನ ಮಡಿಲಿಗೆ ಹಾಕಿ ಹೋದಳು. ನನ್ನ ತಮ್ಮ ತೆಬಾನೊ ಇದ್ದಾನೆ, ಇಲ್ಲವೆಂದಲ್ಲ. ಆದರೆ ಬೆಳಿಗ್ಗೆ ಸಂಜೆ ತೆಂಗಿನಮರ ಹತ್ತಿ ಹೊಂಬಾಳೆ ಕೊಯ್ದು ನೀರಾ ಇಳಿಸುವುದು, ಮರದ ಮೇಲೆ ಕೂತು ಗಂಟಲು ಬಿಟ್ಟು ಹಾಡುವುದು, ಇಷ್ಟೇ ಅವನ ಪ್ರಪಂಚ. ಮಕ್ಕಳ ತಲೆಯಲ್ಲಿ ಹೇನಿದೆಯೋ ಕೂದಲಿದೆಯೋ ಅವನಿಗೆ ಗೊತ್ತಿಲ್ಲ.

ಭಾನುವಾರ ಚರ್ಚು ಮುಗಿದ ಮೇಲೆ ಅವಳ ಫೋನು ಬರುತ್ತಿತ್ತು.

"ಅತ್ಗೆ, ಇಲ್ಲಿ ನಲ್ಲಿ ತಿರುಗಿಸಿದ್ರೆ ಕುಡಿಯೋ ನೀರು ಬರತ್ತೆ. ಕುದಿಸೋದೂ ಬೇಡ. ಅದೇ ನೀರಲ್ಲಿ ಕಾರು ತೊಳೀತಾರೆ!"

"ಕುಡಿಯೋ ನೀರಲ್ಲಿ ಕಾರಾ? ತಲೆ ನೆಟ್ಟಗಿದೆಯೇನೇ ಅವ್ರಿಗೆ?"

"ಇನ್ನೊಂದು ಕೇಳಿ. ಮೊನ್ನೆ ಒಬ್ರು ಅಜ್ಜಿ ಬಚ್ಚಲಲ್ಲಿ ಬಿದ್ರು. ಫೋನ್ ಮಾಡಿ ನಾನು ಅವ್ರ ಬಟ್ಟೆ ಸರಿ ಮಾಡೋಷ್ಟ್ರಲ್ಲಿ ಆಂಬುಲೆನ್ಸ್ ಬಂದು ನಿಂತಿತ್ತು."

ನಾನು ಫೋನನ್ನು ಮಕ್ಕಳ ಕೈಗೆ ಕೊಟ್ಟು ಹಿತ್ತಲಿಗೆ ಹೋಗಿ ಕಟ್ಟಿಗೆ ಒಡೆಯತೊಡಗಿದೆ. ಮೂವತ್ತೊಂದು ವರ್ಷದ ಹಿಂದೆ ನನ್ನ ಮಗನಿಗೆ ಜ್ವರ ಬಂದಾಗ ಪಕ್ಕದ ತಾರಾವಾ ದ್ವೀಪದ ಆಸ್ಪತ್ರೆಗೆ ಹೋಗಲು ದೋಣಿ ಸಿಕ್ಕಿರಲಿಲ್ಲ. ಒಂದು ದೋಣಿಯ ಎಂಜಿನ್ ಕೆಟ್ಟಿತ್ತು, ಇನ್ನೊಂದು ಮೀನಿಗೆ ಹೋಗಿತ್ತು. ಅವನಿಗೆ ಎರಡು ವರ್ಷ. ಆದ್ದರಿಂದ ಯಾರಾದರೂ ಬಂದು ನಮ್ಮ ದ್ವೀಪವನ್ನು ಸ್ವರ್ಗ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಬಾವಿಯ ನೀರು ಉಪ್ಪು, ಅಮಾವಾಸ್ಯೆ ಹುಣ್ಣಿಮೆಗೆ ಸಮುದ್ರ ಒಲೆಯ ತನಕ ಬರುತ್ತದೆ, ಊರ ನರ್ಸಿನ ಪೆಟ್ಟಿಗೆಯಲ್ಲಿ ಜ್ವರದ ಮಾತ್ರೆ ಇದ್ದರೆ ಅದೇ ಪುಣ್ಯ. ಅರೋಯಿತಾ ಕಳಿಸಿದ ಕಿವಿಯ ಔಷಧಿಯಿಂದ ಅವಳ ಕಿರಿಮಗಳ ಕಿವಿ ಸೋರುವುದು ನಿಂತಿತು. ಆ ದೇಶ ಚೆನ್ನಾಗಿರಲಿ ಎಂದು ನಾನು ದಿನಾ ಪ್ರಾರ್ಥನೆಯಲ್ಲಿ ಹೇಳುತ್ತಿದ್ದೆ.

ಎರಡನೇ ವರ್ಷದಿಂದ ಅವಳ ಮಾತಿನಲ್ಲಿ ಡೆಸ್ ಎಂಬ ಹೆಸರು ಬರತೊಡಗಿತು. ಎಂಬತ್ತೊಂದು ವರ್ಷದ ಮುದುಕ. ಗದ್ದೆಗಳಿಂದ ಗಿರಣಿಗೆ ಕಬ್ಬು ಹೊರುವ ಪುಟ್ಟ ರೈಲನ್ನು ನಲವತ್ತು ವರ್ಷ ಓಡಿಸಿದವನು. ಹೆಂಡತಿ ಸತ್ತಿದ್ದಳು, ಹೃದಯ ದುರ್ಬಲ. ಅವನ ಕೋಣೆಗೆ ದೊಡ್ಡ ಕಿಟಕಿ, ಮೆತ್ತನೆ ಹಾಸಿಗೆ, ಗುಂಡಿ ಒತ್ತಿದರೆ ಮೇಲೇಳುವ ಮಂಚ. ಮಗಳು ಲಿನೆಟ್ ಮೂರು ಗಂಟೆ ಕಾರು ಓಡಿಸಿಕೊಂಡು ಒಂದು ಭಾನುವಾರವೂ ತಪ್ಪದೆ ಬರುತ್ತಿದ್ದಳು. ಒಳ್ಳೆಯ ಹೆಂಗಸು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

"ಅತ್ಗೆ, ಅವ್ರಿಗೆ ಇಲ್ಲಿ ಯಾವ್ದಕ್ಕೂ ಕಮ್ಮಿ ಇಲ್ಲ. ಆದ್ರೆ ಒಂದು ಲೋಟ ಎತ್ತೋಕೂ ಯಾರೂ ಬಿಡಲ್ಲ. ಬಿದ್ದುಬಿಡ್ತಾರೆ ಅಂತ. ಒಂಬತ್ತು ವರ್ಷದಿಂದ ಕೈಗೆ ಕೆಲ್ಸಾನೇ ಇಲ್ಲ ಕಣ್ರೀ."

"ನನ್ನನ್ನ ಯಾರಾದ್ರೂ ಒಂಬತ್ತು ದಿನ ಹಾಗೆ ಕೂರಿಸ್ಲಿ ನೋಡೋಣ" ಎಂದೆ.

ಮೂರನೇ ವರ್ಷದ ಕೊನೆಯಲ್ಲಿ ಒಂದು ಭಾನುವಾರ ಅವಳ ದನಿ ಅಳುಕುತ್ತಿತ್ತು.

"ಅತ್ಗೆ, ಬಯ್ಬೇಡಿ. ಡೆಸ್ ನನ್ನ ಕೇಳ್ಬಿಟ್ರು. 'ನನ್ನನ್ನ ನಿಮ್ಮನೆಗೆ ಕರ್ಕೊಂಡು ಹೋಗು' ಅಂತ."

"ನೀನೇನಂದೆ?"

"ಆಗ್ಲಿ ಅಂದೆ."

"ಅಯ್ಯೋ ಪುಣ್ಯಾತ್ಗಿತ್ತಿ! ಮಿಷನ್ ಕೊಟ್ಟೆ, ಬಲೆ ಕೊಟ್ಟೆ. ಈಗ ಮನುಷ್ಯನ್ನ ತರ್ತೀಯಾ?"

"ಎಷ್ಟು ತಿಂಗ್ಳಿಂದ ಕೇಳ್ತಾ ಇದ್ರು ಅತ್ಗೆ. ಇವತ್ತು ಕೈ ಹಿಡ್ಕೊಂಡು ಕೇಳಿದ್ರು. ಹೇಗೆ ಇಲ್ಲ ಅನ್ಲಿ?"

ಕೈ ಹಿಡಿದು ಕೇಳಿದ್ದಾನೆ ಎಂದ ಮೇಲೆ ಮುಗಿಯಿತು. ನಾನು ಒಂದು ದಿನವಿಡೀ ಗೊಣಗಿದೆ. ಮರುದಿನ ತೆಬಾನೊನನ್ನು ಮರದಿಂದ ಇಳಿಸಿ, ಅಣ್ಣತಮ್ಮಂದಿರ ಮಕ್ಕಳನ್ನೆಲ್ಲ ಕರೆಸಿ ಕೆಲಸಕ್ಕೆ ಹಚ್ಚಿದೆ. ಸಮುದ್ರದ ಕಡೆ ಗಾಳಿ ಬರುವ ಜಾಗದಲ್ಲಿ ನಾಲ್ಕು ಕಂಬ, ಮಂಡಿಯೆತ್ತರಕ್ಕೆ ತೆಂಗಿನ ಸೀಳುಗಳ ಅಟ್ಟಣೆ, ಮೇಲೆ ಕೇದಗೆ ಗರಿಯ ಮಾಡು. ಗರಿ ಹೊಲಿಯಲು ಹೆಂಗಸರು ನಾಲ್ಕು ವಾರ ಕೂತೆವು. ಮುದುಕನಿಗೆ ಮಂಡಿ ನೋವಿದೆ ಎಂದು ತೆಬಾನೊ ಹತ್ತಲು ಒಂದು ಮೆಟ್ಟಿಲು ಮಾಡಿದ. ಹಾಸಲು ನಾನು ಸಣ್ಣ ಎಳೆಯ ಚಾಪೆ ಹೆಣೆದೆ, ಅಂಚಿಗೆ ಕಪ್ಪು ಪಟ್ಟಿ ಹಾಕಿ. ಅಷ್ಟು ಒಳ್ಳೆಯ ಚಾಪೆಯನ್ನು ನಾನು ನನ್ನ ಗಂಡನಿಗೂ ಹೆಣೆದಿರಲಿಲ್ಲ.

ಮಾಡು ಹೊದಿಸಿದ ಮೂರನೇ ದಿನ, ಭಾನುವಾರವೂ ಅಲ್ಲ, ಮಂಗಳವಾರ, ಅರೋಯಿತಾ ಅಳುತ್ತಾ ಫೋನು ಮಾಡಿದಳು.

"ಅತ್ಗೆ, ಮನೆ ಕಟ್ಬೇಡಿ. ಅದು ತಮಾಷೆಯಂತೆ. ನಾನು ಮ್ಯಾನೇಜರ್ ಹತ್ರ ಹೇಳ್ದೆ, ಅವ್ರು ನಕ್ಕುಬಿಟ್ರು. ಡೆಸ್ ಎಲ್ರಿಗೂ ಹಾಗೇ ಹೇಳೋದಂತೆ. ಕಾಫಿ ತರೋಳಿಗೆ, ಕಸ ಗುಡಿಸೋನಿಗೆ. ಈ ದೇಶದಲ್ಲಿ ಅದು ಬರೀ ಮಾತಂತೆ. ನಾನೊಬ್ಳೇ ಪೆದ್ದಿ, ನಿಜ ಅಂದ್ಕೊಂಡೆ."

"ಕಟ್ಟಾಯ್ತಲ್ಲೇ! ಮೆಟ್ಲೂ ಆಯ್ತು!"

ಅವಳು ಅತ್ತೇ ಅತ್ತಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ನಮ್ಮ ಹುಡುಗಿಯ ಮೇಲೆ ಅಲ್ಲ, ಆ ಮುದುಕನ ಮೇಲೆ. ನಮ್ಮಲ್ಲಿ ಹೀಗೆ ಬಾಯಿಬಿಟ್ಟು ಕೇಳುವುದೆಂದರೆ ಎಷ್ಟು ಕಷ್ಟ, ಎಷ್ಟು ನಾಚಿಕೆ ನುಂಗಬೇಕು. ದಿನಕ್ಕೆ ಹತ್ತು ಸಲ ಕೇಳಿ ನಗುವುದೆಂದರೇನು? ಚಿಕ್ಕವಳಿದ್ದಾಗ ಕನ್ಯಾಮಠದ ಅಡುಗೆಮನೆಯಲ್ಲಿ ಆರು ವರ್ಷ ದುಡಿದು ಕಲಿತ ಇಂಗ್ಲಿಷು ನನ್ನಲ್ಲಿತ್ತು. "ಆ ಮುದುಕನ ಕೈಗೆ ಫೋನ್ ಕೊಡು" ಎಂದೆ. ಬೇಡ ಎಂದಳು. "ನಾನು ಕೇಳ್ತಾ ಇದೀನಿ ಅರೋಯಿತಾ" ಎಂದೆ. ಕೇಳಿದ ಮೇಲೆ ಅವಳು ಇಲ್ಲ ಎನ್ನುವಳೇ?

"ಹಲೋ" ಎಂದಿತು ಒಂದು ಒರಟು ದನಿ.

"ನಾನು ಕಾಯೇವ, ಅರೋಯಿತಾಳ ಗಂಡನ ಅಕ್ಕ. ನೀವು ನಮ್ಮ ಹುಡುಗೀನ ಒಂದು ಕೇಳಿದ್ರಿ. ತಮಾಷೆಗೋ ನಿಜಕ್ಕೋ, ನಮಗೆ ಗೊತ್ತಿಲ್ಲ. ಅವ್ಳು ಆಗ್ಲಿ ಅಂದ್ಳು, ನಾವು ಮನೆ ಕಟ್ಟಿದ್ವಿ. ಈಗ ಮನೆ ಖಾಲಿ ಇದೆ, ಕೋಳಿ ಬಂದು ಮೊಟ್ಟೆ ಇಡ್ತಾ ಇದೆ. ಈಗ ಕೇಳೋ ಸರದಿ ನಂದು. ಬನ್ನಿ."

ಆ ಕಡೆ ಮಂಚ ಮೇಲೇಳುವ ಸದ್ದು ಕೇಳಿಸಿತು.

"ನನಗೆ ಅಂತ ಕಟ್ಟಿದ್ರಾ?" ಎಂದ.

"ಮತ್ತೆ ಕೋಳಿಗಾ?"

"ಕಿಟಕಿ ಯಾವ ಕಡೆ?"

"ಗೋಡೆನೇ ಇಲ್ಲ, ಕಿಟಕಿ ಎಲ್ಲಿಂದ ಬರ್ಬೇಕು?"

ನಕ್ಕು ನಕ್ಕು ಕೆಮ್ಮಿದ. ಹಿಂದೆ ಅರೋಯಿತಾ ಅವನ ಬೆನ್ನು ತಟ್ಟುವುದು ಕೇಳಿಸಿತು. ಕೆಮ್ಮು ನಿಂತ ಮೇಲೆ, ನಗು ಇಲ್ಲದ ದನಿಯಲ್ಲಿ, "ಹಾಗಾದ್ರೆ ಬರ್ತೀನಿ" ಎಂದ.

ಆಮೇಲಿನ ತಿಂಗಳುಗಳು ಕಾಗದ, ಡಾಕ್ಟರ ಪರೀಕ್ಷೆ, ಲಿನೆಟ್‌ಳ ಸಿಟ್ಟು, ಇದರಲ್ಲೇ ಹೋದವು. ಅರೋಯಿತಾಳ ಒಪ್ಪಂದ ಮುಗಿಯುತ್ತಿತ್ತು. ಇನ್ನೂ ನಾಲ್ಕು ವರ್ಷ ಇರು ಎಂದು ಆ ವೃದ್ಧರ ಮನೆಯವರೇ ಕೇಳಿದರಂತೆ. ಆದರೆ ಅವಳ ಕಿರಿಮಗಳು ಅವರಿಗಿಂತ ಮೊದಲೇ, "ಅಮ್ಮ, ಈ ಸಲ ಬಂದ್ರೆ ವಾಪಸ್ ಹೋಗ್ಬೇಡ" ಎಂದು ಕೇಳಿಬಿಟ್ಟಿದ್ದಳು. ಲಿನೆಟ್ ಒಂದು ದಿನ ನನಗೇ ಫೋನು ಮಾಡಿದಳು.

"ನಿಮ್ಮೂರಲ್ಲಿ ಡಾಕ್ಟರ್ ಇದ್ದಾರಾ?"

"ಇಲ್ಲ."

"ಆಸ್ಪತ್ರೆ?"

"ದೋಣೀಲಿ ಹೋಗ್ಬೇಕು. ದೋಣಿ ಇದ್ರೆ."

"ಅಪ್ಪನಿಗೆ ಏನಾದ್ರೂ ಆದ್ರೆ?"

ಸುಳ್ಳು ಹೇಳಬಹುದಿತ್ತು. ನನ್ನ ಮಗನ ಕಥೆ ಹೇಳಿದೆ. ಪೂರ್ತಿ ಹೇಳಿದೆ, ದೋಣಿಯ ಎಂಜಿನ್ನಿನ ತನಕ. ಕೊನೆಗೆ, "ನೀವು ನಿಜ ಹೇಳಿದ್ರಿ, ಅದಕ್ಕೆ ನಾನು ಋಣಿ. ಅಪ್ಪ ಎರಡು ವಾರದಿಂದ ತಮ್ಮ ಬಟ್ಟೆ ತಾವೇ ಮಡಿಸಿ ಪೆಟ್ಟಿಗೆಗೆ ಹಾಕೋದು, ತೆಗೆಯೋದು ಮಾಡ್ತಿದ್ದಾರೆ. ಬೇಡ ಅನ್ನೋಕೆ ನನಗೂ ಬಾಯಿ ಬರ್ತಿಲ್ಲ" ಎಂದಳು. ಆರು ತಿಂಗಳಿಗಾಗುವಷ್ಟು ಮಾತ್ರೆಯನ್ನು ವಾರವಾರಕ್ಕೂ ಬೇರೆ ಬೇರೆ ಡಬ್ಬಿಯಲ್ಲಿ ತುಂಬಿ ಅವಳೇ ಕೊಟ್ಟು ಕಳಿಸಿದಳು.

ಡೆಸ್ ದೋಣಿಯಿಂದ ಇಳಿದಾಗ ಅರೋಯಿತಾ ಒಂದು ಕಡೆ, ತೆಬಾನೊ ಒಂದು ಕಡೆ ಹಿಡಿದುಕೊಂಡು ನೀರಿನಲ್ಲಿ ನಡೆಸಿಕೊಂಡು ಬಂದರು. ಪ್ಯಾಂಟು ಮಂಡಿಯ ತನಕ ಒದ್ದೆ. ಉದ್ದ ಮೂಗು, ಬಿಸಿಲಿಗೆ ಕೆಂಪಾದ ಕಿವಿ. ಮನೆಯನ್ನು ಒಂದು ಸುತ್ತು ಹಾಕಿ ನೋಡಿದ. ನಾಲ್ಕೂ ಕಂಬ ಮುಟ್ಟಿದ. ತೆಬಾನೊ ಮಾಡಿದ ಮೆಟ್ಟಿಲ ಮೇಲೆ ಕೂತು ಟೋಪಿಯನ್ನು ಮುಖದ ಮೇಲೆ ಹಿಡಿದುಕೊಂಡ. ಮಕ್ಕಳು ನಗತೊಡಗಿದವು, ನಾನು ಗದರಿಸಿ ಓಡಿಸಿದೆ. ಅಳುವವರನ್ನು ನೋಡಿ ನಗಬಾರದು.

ಮೂರು ದಿನ ಅತಿಥಿ ಎಂದು ಬಿಟ್ಟೆ. ನಾಲ್ಕನೇ ದಿನ ಒಂದು ಉದ್ದ ಕೋಲು ಕೈಗೆ ಕೊಟ್ಟೆ.

"ಇದೇನು?"

"ಕೆಲ್ಸ. ಅಲ್ಲಿ ಮೀನು ಒಣಗಿಸಿದೀನಿ. ಕೋಳಿ, ಹಂದಿ, ಬೆಕ್ಕು, ಯಾವ್ದೂ ಹತ್ರ ಬರ್ಬಾರ್ದು. ಒಂದು ಮೀನು ಹೋದ್ರೂ ನಿನ್ನ ಊಟ ಕಟ್."

ಅರೋಯಿತಾ ಹೌಹಾರಿದಳು. "ಅತ್ಗೆ, ಅವ್ರು ಹೃದಯದ ರೋಗಿ!"

"ಹೃದಯದಿಂದ ಓಡಿಸು ಅಂದೆನಾ ನಾನು? ಕೋಲಿಂದ ಓಡಿಸ್ಲಿ."

ಮುದುಕ ನೆಟ್ಟಗೆ ಕೂತ. ಎಷ್ಟು ನಿಯತ್ತಿನಿಂದ ಕಾದನೆಂದರೆ ಕಬ್ಬಿನ ರೈಲಿಗೂ ಅಷ್ಟು ನಿಯತ್ತು ತೋರಿಸಿದ್ದನೋ ಇಲ್ಲವೋ. ಬೆಳಿಗ್ಗೆ ತೆಬಾನೊನ ಹಾಡು ಮರದ ಮೇಲೆ ಶುರುವಾದ ಕೂಡಲೇ ಎದ್ದು ಟೋಪಿ ಹಾಕಿಕೊಂಡು ಕೆಲಸಕ್ಕೆ ಹೊರಡುತ್ತಿದ್ದ, ಹತ್ತು ಹೆಜ್ಜೆ ದೂರದ ಕೆಲಸಕ್ಕೆ. ಮಕ್ಕಳು ಅವನ ಸುತ್ತ ಕೂತು ರೈಲಿನ ಸೀಟಿ ಊದಲು ಕಲಿತರು. ರೈಲನ್ನೇ ಕಾಣದ ದ್ವೀಪದಲ್ಲಿ ದಿನವೆಲ್ಲ ರೈಲಿನ ಸದ್ದು! ನನಗೆ ತಲೆನೋವು. ಭಾನುವಾರ ಬಂದಾಗ ಕೋಲು ಕೆಳಗಿಟ್ಟು ಕೇಳಿದ:

"ಕಾಯೇವ, ಇವತ್ತು ರಜಾನಾ?"

"ಕೋಳಿಗೆ ರಜಾ ಇದ್ರೆ ನಿನಗೂ ರಜಾ."

ಅವನಿಗೆ ಎಲ್ಲವೂ ಹಿಡಿಸಿತು ಎಂದರೆ ಸುಳ್ಳಾಗುತ್ತದೆ. ಬಿಸಿನೀರಿನ ಸ್ನಾನ ನೆನೆಸಿಕೊಂಡು ನಿಟ್ಟುಸಿರು ಬಿಡುತ್ತಿದ್ದ. ನಮ್ಮ ಬಾವಿಯ ನೀರಿನ ಚಹಾ ಕುಡಿದು ಮುಖ ಹಿಂಡುತ್ತಿದ್ದ. ಎರಡು ಸಲ ಹೊಟ್ಟೆ ಕೆಟ್ಟಿತು. ಅರೋಯಿತಾ ಅಲ್ಲಿ ಮಾಡಿದ ಸೇವೆಯನ್ನೇ ಇಲ್ಲೂ ಮಾಡಿದಳು, ಆದರೆ ಇಲ್ಲಿ ಅವಳ ಸರದಿ ಮುಗಿದಾಗ ನನ್ನ ಸರದಿ, ನನ್ನದು ಮುಗಿದಾಗ ಪಕ್ಕದ ಮನೆಯವರದು. ಒಂದು ದಿನವೂ ಆ ಮನುಷ್ಯ ಒಬ್ಬನೇ ಕೂತು ಉಣ್ಣಲಿಲ್ಲ.

ಏಳನೇ ತಿಂಗಳು, ಲಿನೆಟ್ ಮತ್ತೆ ಕಳಿಸಿದ ಮಾತ್ರೆ ನುಂಗುತ್ತಿದ್ದರೂ, ಡೆಸ್‌ನ ಕಾಲು ಊದಿತು. ಕೂತಲ್ಲೇ ಏದುಸಿರು. ನರ್ಸ್ ಬಂದು ನೋಡಿ, ತಾರಾವಾಕ್ಕೆ ಒಯ್ಯಿರಿ, ಅಲ್ಲಿಂದ ವಿಮಾನದಲ್ಲಿ ಅವರ ದೇಶಕ್ಕೆ ಎಂದಳು. ಈ ಸಲ ದೋಣಿ ಇತ್ತು. ಊರಿನವರೆಲ್ಲ ತಮ್ಮ ತಮ್ಮ ಮನೆಯಿಂದ ಪೆಟ್ರೋಲ್ ತಂದು ಸುರಿದಿದ್ದರು, ಚರ್ಚಿನ ಜನರೇಟರಿನದು ಕೂಡ. ಎಂಜಿನ್ ಸರಿಯಿತ್ತು, ಮೂರು ಸಲ ಹಚ್ಚಿ ನೋಡಿಸಿದ್ದೆ. ದಡದಲ್ಲಿ ದೋಣಿ ನಿಂತಿದ್ದನ್ನು ನೋಡಿ, ಯಾರಿಗಾದರೂ ಸಿಕ್ಕಿತಲ್ಲ ಎನಿಸಿತು.

ಅರೋಯಿತಾ ಅವನ ಬಟ್ಟೆ ಕಟ್ಟುತ್ತಿದ್ದಳು. ಡೆಸ್ ಅವಳ ಕೈ ಹಿಡಿದ.

"ಅರೋಯಿತಾ, ಒಂದು ಕೇಳ್ತೀನಿ. ಈ ಸಲ ತಮಾಷೆ ಅಲ್ಲ, ನಿಮ್ಮ ಥರಾನೇ ಕೇಳ್ತಿದೀನಿ. ನನ್ನನ್ನ ಕಳಿಸ್ಬೇಡ."

ಅವಳ ಮುಖ ಬಿಳಿಚಿಕೊಂಡಿತು. ಮಿಷನ್ ಕೊಟ್ಟಾಗ, ಬಲೆ ಕೊಟ್ಟಾಗ, ಯಾವತ್ತೂ ಹೀಗಾದದ್ದು ನಾನು ಕಂಡಿಲ್ಲ. ಅವಳು ತನ್ನ ಜನ್ಮದಲ್ಲಿ ಮೊದಲ ಸಲ 'ಇಲ್ಲ' ಎನ್ನಲು ಹೆಣಗುತ್ತಿದ್ದಳು.

"ಇಲ್ಲ ಅನ್ನೇ!" ಎಂದು ನಾನೇ ಕೂಗಿದೆ. "ಆಚೆ ದೋಣಿ ನಿಂತಿದೆ. ಅನ್ನು!"

"ಡೆಸ್, ಅಲ್ಲಿ ಡಾಕ್ಟರ್ ಇದ್ದಾರೆ. ನೀವು ಉಳೀತೀರಿ" ಎಂದಳು.

"ಹೌದು. ಉಳಿದು ಏನ್ಮಾಡ್ಲಿ? ಇಲ್ಲಿ ನನ್ನ ಮೀನಿದೆ."

ಅರೋಯಿತಾ ಫೋನು ತೆಗೆದುಕೊಂಡು ಲಿನೆಟ್‌ಗೆ ಮಾಡಿ ಮುದುಕನ ಕಿವಿಗೆ ಹಿಡಿದಳು. ಅಪ್ಪ ಮಗಳು ಏನು ಮಾತಾಡಿದರೋ, ನಾವು ಆಚೆ ಹೋಗಿ ನಿಂತೆವು. ಮಾತು ಮುಗಿದ ಮೇಲೆ ಅರೋಯಿತಾ ಕಟ್ಟಿದ ಬಟ್ಟೆಯನ್ನು ಬಿಚ್ಚಿ ಒಂದೊಂದಾಗಿ ಮತ್ತೆ ಹಗ್ಗದ ಮೇಲೆ ಹಾಕಿದಳು. ಬಿಕ್ಕುತ್ತಲೇ "ಆಗ್ಲಿ" ಎಂದಳು. ಆ ದೋಣಿ ಮರುದಿನ ತಾರಾವಾಕ್ಕೆ ಹೋಯಿತು, ಲಿನೆಟ್‌ಳನ್ನು ಕರೆತರಲು.

ಎರಡು ವಿಮಾನ ಬದಲಿಸಿ ಅವಳು ನಾಲ್ಕನೇ ದಿನ ಬಂದಳು. ಆಮೇಲೆ ಎರಡು ದಿನ ಅವನಿದ್ದ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಕೋಳಿಗಳನ್ನು ಒಂದೊಂದಾಗಿ ತೋರಿಸಿ, ಯಾವುದು ಕಳ್ಳಿ, ಯಾವುದು ಸಂಭಾವಿತೆ ಎಂದು ಹೇಳಿದ. ಮೂರನೇ ದಿನ ಬೆಳಿಗ್ಗೆ ತೆಬಾನೊನ ಹಾಡಿಗೆ ಏಳಲಿಲ್ಲ. ನಮ್ಮವರನ್ನು ಮಣ್ಣು ಮಾಡುವ ಹಾಗೆಯೇ ಅವನನ್ನೂ ಅವನ ಮನೆಯ ಪಕ್ಕದಲ್ಲೇ ಮಾಡಿದೆವು, ಸುತ್ತ ಬಿಳಿ ಕಲ್ಲಿಟ್ಟು.

ಮುಗಿದ ಮೇಲೆ ಲಿನೆಟ್ ಅಟ್ಟಣೆಯ ಮೇಲೆ ಕೂತಿದ್ದಳು. ನನ್ನ ಎದೆಯಲ್ಲಿ ಒಂದು ಮಾತು ಕುದಿಯುತ್ತಿತ್ತು. ಅವಳು ಹೇಳಲಿ ಎಂದು ಕಾದೆ, ಅವಳು ಹೇಳಲಿಲ್ಲ. ನಾನೇ ಹೇಳಿದೆ.

"ನಿಮ್ಮ ದೇಶದಲ್ಲಿದ್ದಿದ್ರೆ ಇನ್ನೂ ಎರಡು ವರ್ಷ ಬದುಕ್ತಿದ್ರೋ ಏನೋ."

"ಬದುಕ್ತಿದ್ರು" ಎಂದಳು. "ನಾನು ಡಾಕ್ಟರನ್ನ ಕೇಳಿದ್ದೆ. ಇನ್ನೆರಡು ವರ್ಷ, ದಿನಾ ಕಾಫಿ ತರೋರ ಹತ್ರ 'ನನ್ನನ್ನ ಮನೆಗೆ ಕರ್ಕೊಂಡು ಹೋಗಿ' ಅಂತ ಕೇಳ್ತಾ ಇರ್ತಿದ್ರು. ಕಾಯೇವ ಅಮ್ಮ, ಅಪ್ಪ ನನ್ನನ್ನೂ ಕೇಳ್ತಿದ್ರು, ಪ್ರತಿ ಭಾನುವಾರ. ನಾನೂ ನಕ್ಕುಬಿಡ್ತಿದ್ದೆ."

ನಾನು ಅವಳನ್ನು ತಬ್ಬಿಕೊಂಡೆ. ಇಬ್ಬರು ಮುದುಕಿಯರು, ಹಾಗೇ ಕೂತು ಮನಸಾರೆ ಅತ್ತೆವು. ಅರೋಯಿತಾ ನಮಗೆ ನೀರಾ ತಂದಿಟ್ಟು ಹೋದಳು. ಅವಳಿಗೆ ಎಷ್ಟು ಜನ ಋಣಿಗಳು ಎಂದು ಅವಳಿಗೆ ಗೊತ್ತಿಲ್ಲ, ನಾನೂ ಬಾಯಿಬಿಟ್ಟು ಹೇಳಿದವಳಲ್ಲ. ಹೇಳಿದರೆ ನಾಳೆಯೇ ಇನ್ನೊಬ್ಬರನ್ನು ಕರೆತಂದಾಳು.

ಹೊರಡುವ ದಿನ ಲಿನೆಟ್ ಮೆಟ್ಟಿಲ ಬಳಿ ನಿಂತು ತೊದಲಿದಳು.

"ಕಾಯೇವ ಅಮ್ಮ, ಒಂದು... ಕೇಳ್ಬಹುದಾ? ಅಪ್ಪ ಮಲಗ್ತಿದ್ದ ಚಾಪೆ."

ನನ್ನ ಕಪ್ಪಂಚಿನ ಚಾಪೆ! ನಾಲ್ಕು ವಾರದ ಕಣ್ಣು ಮತ್ತು ಬೆರಳು. ಅರೋಯಿತಾಳ ಹಿರಿಮಗಳ ಮದುವೆಗಾಗುತ್ತದೆ ಎಂದು ಮನಸ್ಸಿನಲ್ಲೇ ಎತ್ತಿಟ್ಟಿದ್ದೆ. ಅರೋಯಿತಾ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದಳು, ತುಟಿಯಲ್ಲಿ ಕಳ್ಳನಗು.

ನಾನು ಚಾಪೆ ಸುರುಳಿ ಸುತ್ತಿ, ಹುರಿಯಿಂದ ಕಟ್ಟಿ, ಲಿನೆಟ್‌ಳ ಕೈಗಿಟ್ಟೆ.

"ಈಗ ನಾನು ಕೇಳ್ತೀನಿ" ಎಂದೆ. "ಮನೆ ಖಾಲಿ ಬಿಡ್ಬೇಡ. ಕೋಳಿ ಬಂದು ಮೊಟ್ಟೆ ಇಡ್ತವೆ."

ಅವಳು ಚಾಪೆಯನ್ನು ಎದೆಗವಚಿಕೊಂಡು ನಮ್ಮವರ ಹಾಗೆಯೇ "ಆಗ್ಲಿ" ಎಂದಳು. ಪ್ರತಿ ವರ್ಷ ಕಬ್ಬು ಕಟಾವು ಮುಗಿದ ಮೇಲೆ ಬರುತ್ತಾಳೆ. ಬಂದ ಮೂರು ದಿನ ಅತಿಥಿ, ನಾಲ್ಕನೇ ದಿನ ಕೋಲು ಕೊಡುತ್ತೇನೆ.